ಕನ್ನಡ ಬಾರದ ಮಾಸ್ಟ್ರು, ಖಾಲಿ ಉಳಿದ ಲೆಕ್ಕ: ಇದು ಮಾನವ ಹಕ್ಕಿನ ಪ್ರಶ್ನೆಯೇ?

ಪ್ರಶ್ನೆ: ಮಗಳು ಸರಕಾರಿ ಶಾಲೆಯಲ್ಲಿ 8ನೇ ತರಗತಿ, ಕನ್ನಡ ಮಾಧ್ಯಮ. ಈ ವರ್ಷ ಗಣಿತಕ್ಕೆ ಬಂದ ಮಾಸ್ಟ್ರಿಗೆ ಕನ್ನಡ ಬರುವುದಿಲ್ಲ, ಮಲಯಾಳದಲ್ಲೇ ಪಾಠ. ಪಿಟಿಎ ಮೀಟಿಂಗಿನಲ್ಲಿ ಕೇಳಿದರೆ "ಸ್ವಲ್ಪ ಸುಧಾರಿಸಿಕೊಳ್ಳಿ, ಅವರೂ ಕಲಿಯುತ್ತಾರೆ" ಅಂದರು. ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಬಹುದಾ? ಇಷ್ಟಕ್ಕೆಲ್ಲ ಆಯೋಗಕ್ಕೆ ಹೋದರೆ ಜನ ನಗುತ್ತಾರೆ ಅಂತ ಮನೆಯವರು ಹೇಳುತ್ತಾರೆ. ಮಗಳ ನೋಟ್ ಪುಸ್ತಕದ ಫೋಟೊ ಕಳಿಸಿದ್ದೇನೆ.
– ಒಬ್ಬ ತಾಯಿ, ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ, ಕೇರಳ

ಉತ್ತರ: ನಗುವವರು ನಗಲಿ. ಆ ಫೋಟೊವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಬೋರ್ಡಿನಿಂದ ಇಳಿಸಿಕೊಂಡ ಸಮೀಕರಣಗಳು ನೀಟಾಗಿವೆ. ಬರೀ ಅಂಕೆಯ ಲೆಕ್ಕಗಳಿಗೆಲ್ಲ ಉತ್ತರ ಸರಿ ಇದೆ. "ಒಬ್ಬ ವ್ಯಾಪಾರಿ" ಅಂತ ಶುರುವಾಗುವ ಲೆಕ್ಕಗಳು ಮಾತ್ರ ಒಂದೂ ಬಿಡದೆ ಖಾಲಿ. ಅಂದರೆ ಹುಡುಗಿಗೆ ಗಣಿತ ಬರುತ್ತದೆ. ಮಾತಿನಲ್ಲಿ ಬಿಡಿಸಿ ಹೇಳಬೇಕಾದ ಕಡೆ ಹೇಳುವವರಿಲ್ಲ, ಅಷ್ಟೇ. ನಿಮ್ಮ ದೂರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇಂಥದ್ದೇ ವಿಷಯ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಹೋಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮಕ್ಕಳಿದ್ದರು. ಅವರಲ್ಲಿ ಸುಮಾರು 1,800 ಮಂದಿಗೆ ಯಾವ ಹೆಚ್ಚುವರಿ ನೆರವೂ ಇರಲಿಲ್ಲ. ಎಲ್ಲ ಮಕ್ಕಳಿಗೂ ಒಂದೇ ಪುಸ್ತಕ, ಒಂದೇ ಟೀಚರ್ ಕೊಟ್ಟಿದ್ದೇವಲ್ಲ, ಭೇದ ಎಲ್ಲಿ ಬಂತು ಅಂತ ಶಾಲಾ ಆಡಳಿತ ವಾದಿಸಿತು. 1974ರ 'ಲೌ' ತೀರ್ಪಿನಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಪಾಠವೇ ಅರ್ಥವಾಗದ ಮಗುವಿಗೆ ಒಂದೇ ಪುಸ್ತಕ, ಒಂದೇ ಟೀಚರ್ ಕೊಟ್ಟರೆ ಅದು ಸಮಾನತೆ ಆಗುವುದಿಲ್ಲ ಎಂದಿತು. ಗಮನಿಸಿ, ಚೀನೀ ಭಾಷೆಯ ಹಿರಿಮೆ ಅಲ್ಲಿ ಚರ್ಚೆಗೇ ಬರಲಿಲ್ಲ. ಮಗುವಿಗೆ ಪಾಠ ತಲುಪುತ್ತಿದೆಯೋ ಇಲ್ಲವೋ ಅನ್ನುವುದೊಂದೇ ಪ್ರಶ್ನೆ.

ನಮ್ಮವರು ಎಡವುವುದೂ ಇಲ್ಲೇ. ಕಾಸರಗೋಡಿನ ಅರ್ಜಿಗಳು ಹೆಚ್ಚಾಗಿ 1956ರ ರಾಜ್ಯ ವಿಂಗಡಣೆಯಿಂದ ಶುರುವಾಗಿ, ಚಂದ್ರಗಿರಿ ಹೊಳೆ ದಾಟಿ, ಗಡಿ ವಿವಾದದ ಮಹಾಜನ ಆಯೋಗದ ವರದಿಗೆ ಬಂದು ನಿಲ್ಲುತ್ತವೆ. ಆ ನೋವು ಸುಳ್ಳಲ್ಲ. ಆದರೆ ಅರ್ಜಿ ಓದುವ ಅಧಿಕಾರಿಗೆ ಅದು ಗಡಿ ತಕರಾರು ಅನಿಸುತ್ತದೆ, ತನ್ನ ಕೈಯಲ್ಲೇನಿದೆ ಅಂತ ಫೈಲು ಪಕ್ಕಕ್ಕಿಡುತ್ತಾನೆ. ನೀವು ನೋಟ್ ಪುಸ್ತಕದಿಂದ ಶುರು ಮಾಡಿ.

ಈಗ ಕಾನೂನು. ಸಂವಿಧಾನದ 350ಎ ವಿಧಿಯನ್ನು 1956ರಲ್ಲಿ ಸೇರಿಸಿದ್ದೇ ನಿಮ್ಮಂಥ ಊರುಗಳಿಗಾಗಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ರಾಜ್ಯ ಸಾಕಷ್ಟು ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕು ಅನ್ನುತ್ತದೆ ಅದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಕೂಡ ಸಾಧ್ಯವಾದಷ್ಟು ಮಗುವಿನ ಮಾತೃಭಾಷೆಯಲ್ಲೇ ಪಾಠ ಆಗಬೇಕು ಅನ್ನುತ್ತದೆ. ಈ "ಸಾಧ್ಯವಾದಷ್ಟು" ಅನ್ನುವ ಕಿಂಡಿಯಲ್ಲಿ ಸರಕಾರಗಳು ನುಸುಳಿಕೊಳ್ಳುವುದು ಹೊಸದೇನಲ್ಲ. ಆದರೆ ನಿಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮ ಈಗಾಗಲೇ ಇದೆ, ಪುಸ್ತಕ ಕನ್ನಡದ್ದು. ಇಷ್ಟೆಲ್ಲ ಮಾಡಿದ ಮೇಲೆ ಕನ್ನಡ ಬಲ್ಲ ಮಾಸ್ಟ್ರನ್ನು ಕೊಡಲು ಸಾಧ್ಯವಿಲ್ಲ ಅಂದರೆ ಹೇಗೆ ಒಪ್ಪುವುದು?

ಒಂದು ವಿಷಯದಲ್ಲಿ ಬೇಗ ಮಾಡಬೇಕು. ಶಿಕ್ಷಣ ಹಕ್ಕು ಕಾಯ್ದೆ 8ನೇ ತರಗತಿಗೆ ಮುಗಿಯುತ್ತದೆ. 9ಕ್ಕೆ ಹೋದ ಮೇಲೆ ಇದೇ ದೂರಿನ ಕೈ ಸಡಿಲವಾಗುತ್ತದೆ. ಹಾಗಾಗಿ ಈಗಲೇ ಹೆಡ್‌ಮಾಸ್ಟ್ರಿಗೆ ಬರಹದಲ್ಲಿ ಕೊಡಿ. ಒಂದು ಪ್ರತಿ ಜಿಲ್ಲಾ ಶಿಕ್ಷಣಾಧಿಕಾರಿಗೆ (ಡಿಇಒ), ಒಂದು ಶಿಕ್ಷಣ ಉಪನಿರ್ದೇಶಕರಿಗೆ (ಡಿಡಿಇ). ಹಿಂಬರಹ ತೆಗೆದುಕೊಳ್ಳದೆ ಬರಬೇಡಿ. ಅದೇ ಕಾಯ್ದೆಯ 32ನೇ ಕಲಮಿನ ಪ್ರಕಾರ ಸ್ಥಳೀಯಾಡಳಿತಕ್ಕೂ ದೂರು ಕೊಡಬಹುದು. ಅವರು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕು ಆಯೋಗ ಇದೆ. ನನ್ನನ್ನು ಕೇಳಿದರೆ ಮಾನವ ಹಕ್ಕು ಆಯೋಗಕ್ಕಿಂತ ಇದೇ ನಿಮಗೆ ಹತ್ತಿರದ ದಾರಿ. ಮಾನವ ಹಕ್ಕು ಆಯೋಗಕ್ಕೂ ಹೋಗಬಹುದು, ತಪ್ಪೇನಿಲ್ಲ. 1993ರ ಕಾಯ್ದೆ ಸಮಾನತೆ, ಘನತೆ ಎರಡನ್ನೂ ಮಾನವ ಹಕ್ಕಿನೊಳಗೇ ಸೇರಿಸಿದೆ. ಘಟನೆ ನಡೆದು ವರ್ಷ ದಾಟಿದರೆ ಮಾತ್ರ ಆಯೋಗ ವಿಚಾರಣೆ ಮಾಡುವ ಹಾಗಿಲ್ಲ.

ಜತೆಗೆ ಒಂದು ಆರ್‌ಟಿಐ ಹಾಕಿ: ಈ ಹುದ್ದೆ ಕನ್ನಡ ಮಾಧ್ಯಮದ್ದೇ, ಅಭ್ಯರ್ಥಿಯ ಕನ್ನಡವನ್ನು ಯಾರು, ಹೇಗೆ ನೋಡಿದರು? ಅದನ್ನು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬರೆಯಿರಿ. ಆರ್‌ಟಿಐ ಕಾಯ್ದೆ ಇಂಗ್ಲಿಷ್, ಹಿಂದಿ ಮತ್ತು ಆ ಪ್ರದೇಶದ ಅಧಿಕೃತ ಭಾಷೆಯನ್ನಷ್ಟೇ ಹೇಳುತ್ತದೆ. ಕನ್ನಡದಲ್ಲಿ ಕೊಟ್ಟು ಸುಮ್ನೆ ಒಂದು ತಿಂಗಳು ಕಳೆದುಕೊಳ್ಳಬೇಡಿ.

ಮತ್ತೆ, ಆ ಮಾಸ್ಟ್ರ ಮೇಲೆ ಹರಿಹಾಯಬೇಡಿ. ಆರ್ಡರ್ ಬಂದ ಕಡೆ ಬಂದು ಜಾಯಿನ್ ಆಗಿದ್ದಾರೆ. ಅರ್ಜಿಯಲ್ಲಿ ಅವರ ಹೆಸರೂ ಬೇಡ, ಹುದ್ದೆ ಬರೆದರೆ ಸಾಕು.

ಪ್ರಶ್ನೆ: ಕಚೇರಿಯಲ್ಲಿ ಕನ್ನಡದ ಅರ್ಜಿ ಹಿಡಿದು ಹೋದರೆ ಮಲಯಾಳದಲ್ಲಿ ಬರೆಸಿಕೊಂಡು ಬಾ ಅನ್ನುತ್ತಾರೆ. ಅಲ್ಲಿನ ಕ್ಲರ್ಕಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಇದನ್ನು ವಿಶ್ವಸಂಸ್ಥೆಗೆ ಒಯ್ಯಬಹುದಾ?
– ಬದಿಯಡ್ಕದ ಓದುಗರು

ಉತ್ತರ: ವಿಶ್ವಸಂಸ್ಥೆ ಆಮೇಲೆ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕೇರಳದಲ್ಲಿ ಕನ್ನಡ ಬಳಕೆಯಲ್ಲಿದೆ, ಅಲ್ವಾ? ಮತ್ತೊಮ್ಮೆ ಹಾಗಂದರೆ, ತಿರಸ್ಕರಿಸಿದ್ದನ್ನು ಬರೆದು ಕೊಡಿ ಅಂತ ಕೇಳಿ. ಹಾಗೆ ಬರೆದು ಕೊಡುವವರು ಕಡಿಮೆ, ಸುಮ್ಮನೆ ಅರ್ಜಿ ತೆಗೆದುಕೊಳ್ಳುವವರೇ ಜಾಸ್ತಿ.

ಭಾಷೆ ಗೊತ್ತಿದ್ದೂ ಮಾತಾಡದ ಅಧಿಕಾರಿಯ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ 2000ನೇ ಇಸವಿಯಲ್ಲಿ ಒಂದು ಅಭಿಪ್ರಾಯ ಕೊಟ್ಟಿದೆ. ನಮೀಬಿಯ ದೇಶದಲ್ಲಿ ಇಂಗ್ಲಿಷ್ ಒಂದೇ ಅಧಿಕೃತ ಭಾಷೆ. ಗೊತ್ತಿದ್ದರೂ ಆಫ್ರಿಕಾನ್ಸ್‌ನಲ್ಲಿ ಉತ್ತರಿಸಬೇಡಿ, ಫೋನಿನಲ್ಲೂ ಬೇಡ ಎಂದು ಸರಕಾರಿ ನೌಕರರಿಗೆ ಸುತ್ತೋಲೆ ಹೋಗಿತ್ತು. ಆಫ್ರಿಕಾನ್ಸ್ ಮಾತಾಡುವ ಅಲ್ಲಿನ ರೆಹೋಬೋತ್ ಸಮುದಾಯದವರು ದೂರಿತ್ತರು. ಇದು ಭೇದಭಾವವೇ ಎಂದಿತು ಸಮಿತಿ. ಭಾರತದವರು ಆ ಸಮಿತಿಗೆ ವೈಯಕ್ತಿಕ ದೂರು ಕೊಡುವ ಹಾಗಿಲ್ಲ. ಆ ಸಮಿತಿ ನೋಡಿಕೊಳ್ಳುವ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಮೂಲ ಒಪ್ಪಂದಕ್ಕೆ ನಾವು 1979ರಲ್ಲಿ ಸೇರಿದೆವು, ದೂರಿಗೆ ದಾರಿ ಮಾಡುವ ಐಚ್ಛಿಕ ಒಪ್ಪಂದಕ್ಕೆ ಸೇರಲಿಲ್ಲ. ಅಲ್ಪಸಂಖ್ಯಾತರ ವಿಷಯ ನೋಡುವ ವಿಶ್ವಸಂಸ್ಥೆಯ ವಿಶೇಷ ವರದಿಗಾರರಿಗೆ ಪತ್ರ ಬರೆಯಬಹುದು, ಅದಕ್ಕೆ ಒಪ್ಪಂದದ ಹಂಗಿಲ್ಲ. ಅವರು ಸರಕಾರವನ್ನು ವಿವರಣೆ ಕೇಳಬಹುದು, ಆದೇಶ ಹೊರಡಿಸಲಾರರು. ಒಬ್ಬರ ಅರ್ಜಿಗಾಗಿ ಅಷ್ಟು ದೂರ ಹೋಗುವುದು ಬೇಡ ಅಂತ ನನ್ನ ಅನಿಸಿಕೆ. ಇಡೀ ತಾಲೂಕಿನ ಹತ್ತಾರು ಪ್ರಕರಣ ದಾಖಲೆ ಸಮೇತ ಕೂಡಿಹಾಕಿದರೆ ಮಾತು ಬೇರೆ.

ಪ್ರಶ್ನೆ: ನಮ್ಮ ಕನ್ನಡ ಶಾಲೆಯಲ್ಲಿ ಮಕ್ಕಳು ಕಡಿಮೆ ಆಗ್ಯಾರ, ಮರಾಠಿ ಶಾಲೆ ಜೋಡಿ ಸೇರಿಸ್ತಾರಂತ ಸುದ್ದಿ ಅದ. ಎಷ್ಟು ಮಕ್ಕಳಿದ್ರ ಕೇಳೂ ಹಕ್ಕು ನಮಗದ?
– ಮಹಾರಾಷ್ಟ್ರದ ಜತ್ತ ತಾಲೂಕಿನ ಪಾಲಕರು

ಉತ್ತರ: ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಲೆಕ್ಕ ಇದು. ಕಾಯ್ದೆ ಅಲ್ಲ, ಆದರೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಅಳೆಯುವುದು ಇದರಲ್ಲೇ. ಹೋಲಿಸಿ ನೋಡಲು ಫಿನ್ಲೆಂಡ್ ಇದೆ: ಒಂದು ಪುರಸಭೆಯಲ್ಲಿ ಅಲ್ಪಸಂಖ್ಯಾತ ಭಾಷಿಕರು ಶೇ. 8 ಅಥವಾ 3,000 ಮಂದಿ ಇದ್ದರೆ ಅದು ದ್ವಿಭಾಷಾ ಪುರಸಭೆ. ಅಲ್ಲಿ ಅದು ಕಾನೂನು.

ನೀವು ಜತ್ತದಲ್ಲಿ ಕೇಳುವ ಇದೇ 10, 40ರ ಲೆಕ್ಕವನ್ನು ಬೆಳಗಾವಿಯ ಮರಾಠಿ ಪಾಲಕರೂ ಕೇಳುತ್ತಾರೆ, ಕೇಳಬೇಕು ಕೂಡ. ಅಲ್ಲಿ ಬೇಡ ಅಂದು ಇಲ್ಲಿ ಬೇಕು ಅಂದರೆ ಯಾರೂ ಒಪ್ಪುವುದಿಲ್ಲ.

ಮಕ್ಕಳು ಕಡಿಮೆ ಅನ್ನುವ ಮಾತು ಬಂದಾಗ ಮೊದಲು ನೋಡಬೇಕಾದದ್ದು ರಿಜಿಸ್ಟರು. ಶಾಲೆ ಶುರುವಾಗುವ ಮೂರು ತಿಂಗಳು ಮೊದಲೇ ಪಾಲಕರ ಭಾಷೆಯ ಆಯ್ಕೆ ಬರೆದುಕೊಳ್ಳಲು ಮುಂಗಡ ರಿಜಿಸ್ಟರು ತೆರೆಯಬೇಕು ಎಂಬ ವ್ಯವಸ್ಥೆ ಇದೆ. ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಪಕ್ಕದ ಶಾಲೆಯ ಮಕ್ಕಳನ್ನು ಕೂಡಿಸಿ ನೋಡಬೇಕೆಂದೂ ಇದೆ. ನಿಮ್ಮ ಊರಲ್ಲಿ ಆ ರಿಜಿಸ್ಟರು ತೆರೆದಿದ್ದಾರೆಯೇ ಕೇಳಿ. ತೆರೆದೇ ಇಲ್ಲ ಅಂದರೆ ಆಯುಕ್ತರಿಗೆ ಬರೆಯುವ ಪತ್ರದ ಮೊದಲ ಸಾಲು ಅದೇ ಆಗಲಿ.