ಭಟ್ಟಿ ಹೊಗೆ, ಮಗನ ಉಬ್ಬಸ

ಪ್ರಶ್ನೆ: ನಮ್ಮ ಮನೆ ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಗಳ ಹಿಂದಿನ ಬೀದಿಯಲ್ಲಿದೆ. ಬೆಳಗಿನ ಜಾವ ಕೆಲವರು ಹಳೇ ಟೈರ್ ಹಾಕಿ ಉರಿಸುತ್ತಾರೆ. ಒಣಗಿಸಿದ ಬಟ್ಟೆ ಮೇಲೆಲ್ಲ ಮಸಿ. 7 ವರ್ಷದ ಮಗನಿಗೆ ರಾತ್ರಿಯೆಲ್ಲ ಕೆಮ್ಮು, ಎದೆಯಲ್ಲಿ ಸುಯ್ ಅನ್ನೋ ಸದ್ದು. ಡಾಕ್ಟರು ಉಬ್ಬಸ ಅಂತ ಇನ್‌ಹೇಲರ್ ಬರೆದಿದ್ದಾರೆ. ಅತ್ತೆ 'ಇನ್‌ಹೇಲರ್ ಒಮ್ಮೆ ಹಿಡಿದರೆ ಬಿಡಲ್ಲ' ಅಂತಾರೆ. ಹಬೆ ಹಿಡಿಸಿದರೆ ಸಾಲದಾ? ಮನೆ ಬದಲಿಸೋಣ ಅಂದ್ರೆ ಗಂಡನಿಗೆ ಭಟ್ಟಿಯಲ್ಲೇ ಕೆಲಸ.
– ಒಬ್ಬ ತಾಯಿ

ಉತ್ತರ: ಅಮ್ಮಾ, ಇನ್‌ಹೇಲರ್ ಇವತ್ತೇ ಶುರು ಮಾಡಿ. ಅದು ಚಟ ಹಿಡಿಸುವ ಔಷಧಿ ಅಲ್ಲವೇ ಅಲ್ಲ. ಉಬ್ಬಸಕ್ಕೆ ದಿನಾ ಕೊಡುವ ಇನ್‌ಹೇಲರ್‌ನಲ್ಲಿ ಇರೋದು ಸ್ಟೀರಾಯ್ಡ್, ಅಂದರೆ ಉಸಿರುನಾಳದ ಊತ ಇಳಿಸುವ ಔಷಧಿ. ಮಾತ್ರೆಯಲ್ಲಿ ಅದು ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತೆ, ಇನ್‌ಹೇಲರ್‌ನಲ್ಲಿ ಮೈಕ್ರೋಗ್ರಾಂ ಲೆಕ್ಕ, ಅಂದರೆ ಸಾವಿರದಲ್ಲಿ ಒಂದು ಪಾಲಿನ ಅಳತೆ, ಅದೂ ನೇರ ಶ್ವಾಸಕೋಶಕ್ಕೇ ಹೋಗುತ್ತೆ. ಮಗುವಿಗೆ ಇನ್‌ಹೇಲರ್ ಬಾಯಿಗೆ ಸಿಕ್ಕಿಸುವ ಸ್ಪೇಸರ್ ಡಬ್ಬಿ ಹಾಕಿಯೇ ಕೊಡಿ, ಆಮೇಲೆ ಅವನಿಂದ ಬಾಯಿ ಮುಕ್ಕಳಿಸಿಸಿ. ಕೆಮ್ಮು ನಿಂತಿತು ಅಂತ ನೀವಾಗಿಯೇ ನಿಲ್ಲಿಸಬೇಡಿ. ಹಬೆಯಿಂದ ಉಬ್ಬಸ ಹೋಗಲ್ಲ, ಬಿಸಿನೀರು ಚೆಲ್ಲಿ ಮಕ್ಕಳು ಸುಟ್ಟುಕೊಳ್ಳೋದೇ ಜಾಸ್ತಿ.

ಇನ್ನು ಹೊಗೆ. ಬಟ್ಟೆ ಮೇಲೆ ಕೂತ ಮಸಿ ನಿಮಗೆ ಕಾಣುತ್ತೆ, ಆದರೆ ನನಗೆ ಜಾಸ್ತಿ ಭಯ ಇರೋದು ಕಾಣದ ಕಣದ ಬಗ್ಗೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣ, ಅಂದರೆ ತಲೆಕೂದಲಿನ ದಪ್ಪದಲ್ಲಿ ಸುಮಾರು 30ರಲ್ಲಿ ಒಂದು ಪಾಲು, ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೇ ಇಳಿಯುತ್ತೆ. ಟೈರ್ ಉರಿದರೆ ಅದರ ಜೊತೆ ಗಂಧಕದ ಅನಿಲ, ಬೆಂಜೀನ್ ಅನ್ನೋ ವಿಷಕಾರಿ ರಾಸಾಯನಿಕ ಕೂಡ ಬರುತ್ತವೆ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿರೋದರಿಂದ ಹೊಗೆ ಮೇಲೇರದೆ ಬೀದಿಯಲ್ಲೇ ಮಲಗಿರುತ್ತೆ. ಆ ಹೊತ್ತಲ್ಲಿ ಕಿಟಕಿ ಮುಚ್ಚಿ, ಬಿಸಿಲೇರಿದ ಮೇಲೆ ತೆರೆಯಿರಿ. ಕರ್ಚೀಫು ಈ ಕಣ ತಡೆಯಲ್ಲ.

ಒಂದು ಕೆಲಸ ಮಾಡಿ. ಗೋಡೆ ಕ್ಯಾಲೆಂಡರಿನಲ್ಲೇ ಬರೆದಿಡಿ: ಯಾವ ದಿನ ಹೊಗೆ, ಎಷ್ಟು ಹೊತ್ತಿಗೆ, ಆ ರಾತ್ರಿ ಮಗ ಎಷ್ಟು ಸಲ ಎದ್ದ. ಒಂದು ತಿಂಗಳಾದರೆ ಸಾಕು. ಡಾಕ್ಟರಿಗೆ ಅದರಿಂದ ಎಷ್ಟೋ ಗೊತ್ತಾಗುತ್ತೆ. ಅದೇ ಹಾಳೆಯ ನಕಲು, ಹೊಗೆಯ ಫೋಟೋ ಸೇರಿಸಿ ಬೀದಿಯವರೆಲ್ಲ ಸಹಿ ಹಾಕಿ ಮಾಲಿನ್ಯ ನಿಯಂತ್ರಣ ಮಂಡಳಿಯ ದಾವಣಗೆರೆ ಕಚೇರಿಗೆ ಕೊಡಿ, ಸ್ವೀಕೃತಿ ಮರೆಯಬೇಡಿ. ನಿಮ್ಮ ದೂರು ಟೈರ್ ಮೇಲೆ, ಭಟ್ಟಿ ಮೇಲಲ್ಲ, ಅದನ್ನು ಸ್ಪಷ್ಟವಾಗಿ ಬರೆಯಿರಿ. ಮಂಡಕ್ಕಿ ನಂಬಿ ಎಷ್ಟು ಮನೆ ನಡೀತಿವೆ ಅಂತ ನಿಮಗೇ ಗೊತ್ತಲ್ವಾ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿ ಕೆಟ್ಟಿರುವ ನಗರಗಳ ಪಟ್ಟಿಯಲ್ಲಿ ನಮ್ಮ ರಾಜ್ಯದ ನಾಲ್ಕು ನಗರಗಳಿವೆ, ದಾವಣಗೆರೆಯೂ ಒಂದು. ಅದನ್ನೂ ಅರ್ಜಿಯಲ್ಲಿ ಹೇಳಿ.

ಮಗನಿಗೆ ಮಾತು ಮುಗಿಸೋಕೂ ಉಸಿರು ಸಾಲದಿದ್ದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ತುಟಿ ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಓಡಿ.

ನೀವು ಗಂಡನ ಆರೋಗ್ಯದ ಬಗ್ಗೆ ಏನೂ ಬರೆದಿಲ್ಲ. ಆ ಹೊಗೆಯ ಎದುರೇ ದಿನವಿಡೀ ನಿಲ್ಲೋದು ಅವರು. ಮುಂದಿನ ಸಲ ಮಗನ ಜೊತೆ ಅವರನ್ನೂ ಕರೆದುಕೊಂಡು ಹೋಗಿ, ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿ.