ಸರ್ಕಾರಿ ಕಚೇರಿಯಲ್ಲಿ ಕೆಲಸ ಆದರೂ ಜನರಿಗೆ ಸಮಾಧಾನ ಯಾಕೆ ಆಗುವುದಿಲ್ಲ?

ಕೆಲಸ ಆದರಷ್ಟೇ ಸಾಲದು, ಯಾವತ್ತು ಆಗುತ್ತದೆಂದು ಮೊದಲೇ ಗೊತ್ತಿರಬೇಕು. ಮಾಲೂರಿನ ರೈತರೊಬ್ಬರು ಪಹಣಿ ತಿದ್ದುಪಡಿಗೆ ಅರ್ಜಿ ಕೊಟ್ಟರೆಂದುಕೊಳ್ಳಿ. ಒಂದು ತಿಂಗಳು ಬೇಕೆಂದು ಹೇಳಿ 25ನೇ ದಿನ ಮುಗಿಸಿಕೊಟ್ಟರೆ ಖುಷಿಯಿಂದ ಹೋಗುತ್ತಾರೆ. 'ನಾಳೆ ಬನ್ನಿ' ಎಂದು ನಾಲ್ಕು ಸಲ ಅಲೆಸಿ ಹತ್ತನೇ ದಿನ ಕೊಟ್ಟರೂ ಬೇಸರ ಉಳಿಯುತ್ತದೆ. ಅಷ್ಟರಲ್ಲಿ ನಾಲ್ಕು ದಿನದ ಕೆಲಸ, ಬಸ್ ಚಾರ್ಜು ಎರಡೂ ಹೋಗಿರುತ್ತದೆ. ನಿರೀಕ್ಷೆಗೂ ಅನುಭವಕ್ಕೂ ಇರುವ ಅಂತರವೇ ತೃಪ್ತಿಯ ಅಳತೆ.

2012ರಲ್ಲಿ ಜಾರಿಗೆ ಬಂದ, ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಿಸುವ ಕರ್ನಾಟಕದ ಸಕಾಲ ಯೋಜನೆ ಹಿಡಿದದ್ದು ಈ ನಾಡಿಯನ್ನೇ: ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಅರ್ಜಿ ಕೊಟ್ಟಾಗ ಆ ಸಂಖ್ಯೆ ಇರುವ ಸ್ವೀಕೃತಿಯನ್ನು ದಯವಿಟ್ಟು ಕೇಳಿ ಪಡೆಯಿರಿ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡದು ಮರ್ಯಾದೆ. 'ಯಜಮಾನರೇ, ಈ ದಾಖಲೆ ಇಲ್ಲ, ಇದನ್ನು ತನ್ನಿ' ಎಂದು ಕೂರಿಸಿ ಹೇಳಿದರೆ ಅರ್ಜಿ ತಿರಸ್ಕಾರವಾದರೂ ಜನ ಒಪ್ಪುತ್ತಾರೆ. ತಮ್ಮ ನಂತರ ಬಂದವರ ಫೈಲು ದುಡ್ಡು ಕೊಟ್ಟು ಮುಂದೆ ಹೋದದ್ದು ಕಂಡರೆ, ತಮ್ಮ ಕೆಲಸ ಆಗಿದ್ದರೂ ನಂಬಿಕೆ ಮುರಿಯುತ್ತದೆ.

ಕುಡಿಯುವ ನೀರಿನ ವಿಷಯ ಮಾತ್ರ ಬೇರೆ. ಕೊಳವೆಬಾವಿಯಲ್ಲಿ ಫ್ಲೋರೈಡ್ ಇರುವ ಬಾಗೇಪಲ್ಲಿ ಕಡೆಯ ಊರುಗಳಲ್ಲಿ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ, ನಯವಾದ ಮಾತು ಯಾರ ಬಿಂದಿಗೆಯನ್ನೂ ತುಂಬುವುದಿಲ್ಲ.