ಮೊದಲ ಮ್ಯಾಜಿಕ್ ವಿಶ್ವ ಟೂರ್ನಿಯನ್ನು ಗೆದ್ದದ್ದು ಆಟವೋ, ದುಡ್ಡೋ?

ನಿಮ್ಮ ಪ್ರಶ್ನೆ: "ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡ್ ಆಟದ ಮೊದಲ ವಿಶ್ವ ಚಾಂಪಿಯನ್ ಹತ್ತಿರ ಬ್ಲ್ಯಾಕ್ ಲೋಟಸ್ ಇತ್ತಂತೆ. ಅಂಥ ಕಾರ್ಡ್ ಇದ್ದ ಮೇಲೆ ಗೆಲ್ಲುವುದರಲ್ಲಿ ಏನು ದೊಡ್ಡಸ್ತಿಕೆ? ದುಡ್ಡಿದ್ದವರ ಆಟ ಅಲ್ವಾ ಇದು?"

ಆ ಚಾಂಪಿಯನ್ ಝ್ಯಾಕ್ ಡೋಲನ್ ಹತ್ತಿರ ಬ್ಲ್ಯಾಕ್ ಲೋಟಸ್, ಅಂದರೆ ಈ ಆಟದ ಬಹಳ ಅಪರೂಪದ, ಅತಿ ಬಲವಾದ ಕಾರ್ಡ್, ಇದ್ದದ್ದು ನಿಜ. ಒಂದೇ ಒಂದು. ಫೈನಲ್‌ನಲ್ಲಿ ಸೋತವರ ಡೆಕ್‌ನಲ್ಲೂ, ಅಂದರೆ ಆಡಲು ಜೋಡಿಸಿಕೊಂಡ ಕಾರ್ಡ್ ಕಟ್ಟಿನಲ್ಲೂ, ಇಂಥ ಅಪರೂಪದ ಕಾರ್ಡ್‌ಗಳಿದ್ದವು. ಹಾಗಾಗಿ ಅದರಿಂದ ಗೆಲುವು ಬಂತು ಅಂತ ಹೇಳಲು ಆಗುವುದಿಲ್ಲ. ಹಾಸ್ಟೆಲ್‌ನಲ್ಲಿ ಈ ಆಟ ಕಲಿತ ದಿನದಿಂದ ನನಗೆ 1994ರ ಆ ಟೂರ್ನಿ ಮೇಲೆ ಬಹಳ ಪ್ರೀತಿ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಈ ಆಟ ಮಾಡಿದವರು ರಿಚರ್ಡ್ ಗಾರ್ಫೀಲ್ಡ್. ಗಣಿತ ಓದಿದವರು, ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟವರು. ವಿಝರ್ಡ್ಸ್ ಆಫ್ ದ ಕೋಸ್ಟ್ ಎಂಬ ಸಣ್ಣ ಕಂಪನಿಯ ಪೀಟರ್ ಆಡ್ಕಿಸನ್ ಹತ್ತಿರ ಅವರು ಮೊದಲು ತೆಗೆದುಕೊಂಡು ಹೋಗಿದ್ದು ಬೇರೆ ಆಟ. ಅದನ್ನು ತಯಾರಿಸಲು ಖರ್ಚು ಜಾಸ್ತಿ. ಚೀಲದಲ್ಲಿ ಇಟ್ಟುಕೊಂಡು ಹೋಗುವಂಥ, ಬೇಗ ಮುಗಿಯುವಂಥ ಆಟ ಕೊಡಿ ಅಂದರು ಆಡ್ಕಿಸನ್. ಅದರಿಂದ ಮ್ಯಾಜಿಕ್ ಹುಟ್ಟಿತು. 1993ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ಬಂತು. ಅದೇ ತಿಂಗಳು ಅಮೆರಿಕದ ಮಿಲ್ವಾಕಿ ಊರಿನಲ್ಲಿ ಆಗ ನಡೆಯುತ್ತಿದ್ದ ಜೆನ್ ಕಾನ್ ಎಂಬ ಆಟಗಳ ಜಾತ್ರೆಯಲ್ಲಿ ಜನ ಮುಗಿಬಿದ್ದು ಕೊಂಡರು.

ಗಾರ್ಫೀಲ್ಡ್ ಅಂದುಕೊಂಡಿದ್ದೇನು ಗೊತ್ತಾ? ಒಬ್ಬೊಬ್ಬರು ಒಂದು ಕಟ್ಟು, ಜೊತೆಗೆ ಒಂದೆರಡು ಪ್ಯಾಕೆಟ್ ಕೊಳ್ಳಬಹುದು ಅಷ್ಟೇ ಅಂತ. ಹಾಗಾಗಿ ಮೊದಲ ನಿಯಮ ಬಹಳ ಸಡಿಲವಾಗಿತ್ತು. ಡೆಕ್‌ನಲ್ಲಿ ಕನಿಷ್ಠ 40 ಕಾರ್ಡ್ ಇರಬೇಕು. ಒಂದೇ ಕಾರ್ಡ್ ಎಷ್ಟು ಬೇಕಾದರೂ ಹಾಕಿಕೊಳ್ಳಬಹುದು. ಆದರೆ ಜನ ಪೆಟ್ಟಿಗೆಗಟ್ಟಲೆ ಕೊಂಡರು. ನಿಮ್ಮ ಅನುಮಾನ ಆ ಮೊದಲ ತಿಂಗಳುಗಳ ಮಟ್ಟಿಗೆ ಸರಿಯೇ. ಹತ್ತು ಬ್ಲ್ಯಾಕ್ ಲೋಟಸ್ ಇದ್ದವನಿಗೆ ಹತ್ತನ್ನೂ ಆಡುವ ಹಕ್ಕಿತ್ತು!

ಇದಕ್ಕೆ ಕಡಿವಾಣ ಹಾಕಿದ್ದು ಟೂರ್ನಿ ನಿಯಮಗಳು. ಡೆಕ್‌ನಲ್ಲಿ ಕನಿಷ್ಠ 60 ಕಾರ್ಡ್. ನೆಲದ ಕಾರ್ಡ್‌ಗಳು, ಅಂದರೆ ಆಟದ ಇಂಧನ ಕೊಡುವ ಮಾಮೂಲಿ ಕಾರ್ಡ್‌ಗಳನ್ನು ಬಿಟ್ಟು ಬೇರೆ ಯಾವುದೇ ಕಾರ್ಡ್ ನಾಲ್ಕಕ್ಕಿಂತ ಹೆಚ್ಚು ಇರಬಾರದು. ಬ್ಲ್ಯಾಕ್ ಲೋಟಸ್‌ನಂಥ ಅತಿ ಬಲವಾದವು ಒಂದೊಂದೇ. ದುಡ್ಡಿನ ಬಲಕ್ಕೆ ಮೇಲಿನಿಂದ ಒಂದು ಗಡಿ ಬಿತ್ತು. ಉಳಿದ ಐವತ್ತು ಚಿಲ್ಲರೆ ಕಾರ್ಡ್‌ಗಳನ್ನು ತಲೆ ಓಡಿಸಿಯೇ ತುಂಬಬೇಕು.

ಈ ನಿಯಮಗಳ ಮೇಲೆ, 1994ರ ಆಗಸ್ಟ್ 19ರಿಂದ 21ರವರೆಗೆ, ಅದೇ ಮಿಲ್ವಾಕಿಯ ಜೆನ್ ಕಾನ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಆಟಕ್ಕೆ ಆಗ ಬರೀ ಒಂದು ವರ್ಷ. ದೇಶಕ್ಕೊಂದು ತಂಡ ಆಯ್ಕೆ ಮಾಡಿ ಕಳಿಸುವ ಪದ್ಧತಿ ಇನ್ನೂ ಬಂದಿರಲಿಲ್ಲ. 512 ಆಟಗಾರರು. ಸೋತರೆ ಅಲ್ಲಿಗೇ ಮುಗಿಯಿತು, ಇನ್ನೊಂದು ಅವಕಾಶ ಇಲ್ಲ. 512ನ್ನು ಅರ್ಧ ಮಾಡುತ್ತಾ ಬನ್ನಿ, ಒಬ್ಬರು ಉಳಿಯಲು ಒಂಬತ್ತು ಸಲ ಮಾಡಬೇಕು. ಒಂದು ಕೆಟ್ಟ ಎಲೆ ಬಿದ್ದರೂ ಮನೆಗೆ.

ವಿಶ್ವ ಅನ್ನುವ ಹೆಸರು ಸುಮ್ನೆ ಇಟ್ಟದ್ದಾ ಅಂತ ನನಗೂ ಮೊದಲು ಅನ್ನಿಸಿತ್ತು. ಆದರೆ ಕೊನೆಯ ನಾಲ್ವರನ್ನು ನೋಡಿ. ಅಮೆರಿಕದ ಝ್ಯಾಕ್ ಡೋಲನ್. ಫ್ರಾನ್ಸ್‌ನ ಬರ್ಟ್ರಾಂಡ್ ಲೆಸ್ಟ್ರೇ ಮತ್ತು ಸಿರಿಲ್ ದ ಫೂಕೋ. ಬೆಲ್ಜಿಯಂನ ಡೊಮಿನಿಕ್ ಸೈಮೆನ್ಸ್. ನಾಲ್ವರಲ್ಲಿ ಮೂವರು ಯೂರೋಪಿನವರು! ಕಾರ್ಡ್‌ಗಳು ಅಚ್ಚಾಗುತ್ತಿದ್ದದ್ದು ಬೆಲ್ಜಿಯಂನ ಕಾರ್ಟಾ ಮುಂಡಿ ಕಾರ್ಖಾನೆಯಲ್ಲಿ. ಅಲ್ಲಿಂದ ಸಮುದ್ರ ದಾಟಿ ಅಮೆರಿಕಕ್ಕೆ ಬಂದ ಕಾರ್ಡ್‌ಗಳ ಹಿಂದೆಯೇ ಆ ಕಡೆಯ ಹುಡುಗರೂ ಬಂದು ಸೆಮಿಫೈನಲ್ ತುಂಬಿದ್ದು ನನಗೆ ಬಹಳ ಖುಷಿ ಕೊಡುವ ವಿಷಯ.

ಫೈನಲ್‌ನಲ್ಲಿ ಡೋಲನ್ ಮತ್ತು ಲೆಸ್ಟ್ರೇ. ಲೆಸ್ಟ್ರೇ ಡೆಕ್ ವೇಗದ್ದು. ಮೊದಲ ಸರದಿಯಲ್ಲೇ ಕರ್ಡ್ ಏಪ್ ಎಂಬ ಕೋತಿ ಬಂದು ಎರಡನೇ ಸರದಿಯಿಂದ ಹೊಡೆಯಲು ಶುರು ಮಾಡುತ್ತದೆ. ಆಮೇಲೆ ಸೆರೆಂಡಿಬ್ ಎಫ್ರೀಟ್ ಎಂಬ ಹಾರುವ ಜೀವಿ. ಮಿಕ್ಕಿದ್ದನ್ನು ಲೈಟ್ನಿಂಗ್ ಬೋಲ್ಟ್, ಚೈನ್ ಲೈಟ್ನಿಂಗ್‌ನಂಥ ಮಿಂಚುಗಳು ಮುಗಿಸುತ್ತವೆ. ಇದರಲ್ಲಿ ಕರ್ಡ್ ಏಪ್, ಎರಡೂ ಮಿಂಚು, ಮೂರೂ ಕಾಮನ್ ಕಾರ್ಡ್‌ಗಳು. ಅಂದರೆ ಅಚ್ಚಿನಲ್ಲಿ ಜಾಸ್ತಿ ಸಿಗುತ್ತಿದ್ದವು.

ಡೋಲನ್ ಡೆಕ್ ತದ್ವಿರುದ್ಧ. ಇದು ಅರ್ಥವಾಗಲು ಒಂದು ಮಾತು ಗೊತ್ತಿರಬೇಕು. ಈ ಆಟದಲ್ಲಿ ಕಾರ್ಡ್ ಬಳಸಿದಾಗ ಅದನ್ನು ಅಡ್ಡ ತಿರುಗಿಸುತ್ತೇವೆ, ಅದಕ್ಕೆ ಟ್ಯಾಪ್ ಅನ್ನುತ್ತಾರೆ. ನಿಮ್ಮ ಮುಂದಿನ ಸರದಿ ಶುರುವಾದಾಗ ಎಲ್ಲವೂ ಮತ್ತೆ ನೆಟ್ಟಗಾಗುತ್ತವೆ. ಡೋಲನ್ ಕೈ ಹಾಕಿದ್ದು ಈ ನೆಟ್ಟಗಾಗುವ ಕ್ರಿಯೆಗೇ. ಸ್ಟೇಸಿಸ್ ಎಂಬ ಕಾರ್ಡ್ ಬಂದರೆ ಯಾರ ಕಾರ್ಡ್‌ಗಳೂ ನೆಟ್ಟಗಾಗುವುದಿಲ್ಲ. ವಿಂಟರ್ ಆರ್ಬ್ ಬಂದರೆ ಸರದಿಗೆ ಒಂದೇ ನೆಲದ ಕಾರ್ಡ್ ನೆಟ್ಟಗಾಗುತ್ತದೆ. ಮೀಕ್‌ಸ್ಟೋನ್ ಇದ್ದರೆ ಮೂರು ಅಥವಾ ಹೆಚ್ಚು ಬಲದ ಜೀವಿಗಳು ಅಡ್ಡಬಿದ್ದಲ್ಲೇ ಬಿದ್ದಿರುತ್ತವೆ. ಕಿಸ್ಮೆಟ್ ಇದ್ದರೆ ಎದುರಾಳಿಯ ಹೊಸ ನೆಲ, ಹೊಸ ಜೀವಿ ಎಲ್ಲ ಬರುವಾಗಲೇ ಅಡ್ಡ. ಕಿಸ್ಮೆಟ್ ಜೊತೆ ಸ್ಟೇಸಿಸ್ ಸೇರಿದರೆ ಏನಾಗುತ್ತದೆ ಯೋಚಿಸಿ. ಎದುರಾಳಿ ಇಳಿಸಿದ್ದೆಲ್ಲ ಬಂದಾಗಲೇ ನಿದ್ದೆ, ಎಬ್ಬಿಸುವವರಿಲ್ಲ.

ಹಾಗಾದರೆ ಡೋಲನ್ ಕೈಯೂ ಕಟ್ಟಿದಂತಾಯಿತಲ್ಲ? ಅಲ್ಲೇ ಇರುವುದು ಸೊಗಸು. ಅವರ ಡೆಕ್‌ನಲ್ಲಿ ನಾಲ್ಕು ಸೆರಾ ಏಂಜೆಲ್. ನಾಲ್ಕು ಬಲ, ಹಾರುತ್ತಾಳೆ, ಮತ್ತು ದಾಳಿ ಮಾಡಿದರೂ ಅಡ್ಡ ತಿರುಗುವುದಿಲ್ಲ! ಅಡ್ಡ ತಿರುಗದವಳನ್ನು ನೆಟ್ಟಗೆ ಮಾಡುವ ಪ್ರಶ್ನೆಯೇ ಇಲ್ಲ. ಸ್ಟೇಸಿಸ್ ಆಗಲಿ ಮೀಕ್‌ಸ್ಟೋನ್ ಆಗಲಿ ಅವಳನ್ನು ತಡೆಯುವುದಿಲ್ಲ. ಇಡೀ ಮೇಜು ಹೆಪ್ಪುಗಟ್ಟಿ ನಿಂತಿರುವಾಗ ಅವಳೊಬ್ಬಳು ಸರದಿಗೆ ನಾಲ್ಕರಂತೆ ಹೊಡೆಯುತ್ತಾಳೆ. ಆಟದ ಶುರುವಿಗೆ ಒಬ್ಬೊಬ್ಬರಿಗೆ ಇರುವ ಇಪ್ಪತ್ತು ಪ್ರಾಣ ಐದು ಸರದಿಗೆ ಮುಗಿಯುತ್ತದೆ. ಸೆರಾ ಏಂಜೆಲ್ ಆಗ ಅನ್‌ಕಾಮನ್ ಕಾರ್ಡ್, ಅಪರೂಪದ ಪೈಕಿ ಅಲ್ಲ.

ಸ್ಟೇಸಿಸ್ ಉಳಿಸಿಕೊಳ್ಳಲು ಪ್ರತಿ ಸರದಿ ಒಂದು ನೀಲಿ ಮನಾ, ಅಂದರೆ ನೆಲದ ಕಾರ್ಡ್ ಕೊಡುವ ಇಂಧನ, ಕಟ್ಟಬೇಕು. ನೆಲ ನೆಟ್ಟಗಾಗದಿದ್ದರೆ ಎಷ್ಟು ದಿನ ಕಟ್ಟುತ್ತೀರಿ? ಅದಕ್ಕೆ ಟೈಮ್ ಎಲಿಮೆಂಟಲ್ ಎಂಬ ಜೀವಿ ಇಟ್ಟಿದ್ದರು. ಎದುರಾಳಿಯ ಸರದಿ ಮುಗಿಯುವ ಹೊತ್ತಿಗೆ ಅದರಿಂದ ಸ್ಟೇಸಿಸ್ ಅನ್ನು ಕೈಗೆ ವಾಪಸ್ ತೆಗೆದುಕೊಳ್ಳಬಹುದು. ಡೋಲನ್ ಸರದಿ ಬಂದಾಗ ಅವರದ್ದೆಲ್ಲ ನೆಟ್ಟಗೆ. ಕೂಡಲೇ ಮತ್ತೆ ಸ್ಟೇಸಿಸ್. ಬಾಗಿಲು ತಾನು ದಾಟುವಾಗ ಮಾತ್ರ ತೆರೆದು ಮತ್ತೆ ಚಿಲಕ ಹಾಕಿದ ಹಾಗೆ.

ಇಷ್ಟಿದ್ದೂ ಫೈನಲ್ ಸಲೀಸಾಗಿರಲಿಲ್ಲ. ಡೋಲನ್ ಗೆದ್ದದ್ದು 2-1ರಿಂದ. ವೇಗದ ಡೆಕ್ ಎದುರು ಬೀಗ ಹಾಕುವ ಮುಂಚೆಯೇ ಪ್ರಾಣ ಹೋಗುವ ಭಯ ಇರುತ್ತದೆ. ಯಾವ ಏಟು ತಡೆಯಬೇಕು, ಯಾವುದನ್ನು ತಿನ್ನಬೇಕು ಅಂತ ಪ್ರತಿ ಸರದಿ ತೂಗಬೇಕು. ಅದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಇನ್ನು ಬಹುಮಾನ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು: ಟ್ರೋಫಿ ಮತ್ತು ಕಾರ್ಡ್ ಪ್ಯಾಕೆಟ್‌ಗಳು.

ಲೆಸ್ಟ್ರೇ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. 1996ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ಪ್ರೊ ಟೂರ್, ಅಂದರೆ ಮ್ಯಾಜಿಕ್‌ನ ವೃತ್ತಿಪರ ಟೂರ್ನಿ, ನಡೆಯಿತು. ಅಲ್ಲೂ ಅವರು ಫೈನಲ್‌ಗೆ ಬಂದರು. ಅಲ್ಲೂ ಎರಡನೇ ಸ್ಥಾನ, ಗೆದ್ದದ್ದು ಮೈಕಲ್ ಲೊಕಾಂಟೊ. ಎರಡು ವರ್ಷದಲ್ಲಿ ಎರಡು ಐತಿಹಾಸಿಕ ಫೈನಲ್ ಆಡಿದವರನ್ನು ಅದೃಷ್ಟವಂತ ಶ್ರೀಮಂತ ಅಂತ ಹೇಗೆ ಕರೆಯುವುದು? ಅವರು ಆಟಗಾರ.

ಇವತ್ತು ಈ ಕಾರ್ಡ್‌ಗಳ ಬೆಲೆ ನಮ್ಮಂಥವರ ಕೈಗೆ ಎಟುಕುವುದಿಲ್ಲ, ಆ ಮಾತಿನಲ್ಲಿ ನಿಮ್ಮ ಕೋಪ ನ್ಯಾಯವಾದದ್ದೇ. ಆದರೆ ಆಡಿ ನೋಡಲು ಬೆಲೆ ಅಡ್ಡ ಬರಬೇಕಿಲ್ಲ. ನಾನೂ ನನ್ನ ಗೆಳೆಯನೂ ಎರಡೂ ಡೆಕ್‌ಗಳನ್ನು ಕಾಗದದ ಮೇಲೆ ಬರೆದು, ಹಳೇ ಕಾರ್ಡ್‌ಗಳ ಮುಂದೆ ಸಿಕ್ಕಿಸಿ, ಪ್ಲಾಸ್ಟಿಕ್ ಕವರ್ ಹಾಕಿ ಆಡಿದೆವು. ನೀವೂ ಮಾಡಿ. ಡೋಲನ್ ಕಡೆ ಕೂತರೆ ಒಂದು ಸಣ್ಣ ಉಪಾಯ ನೆನಪಿಡಿ. ಹೌಲಿಂಗ್ ಮೈನ್ ಇಬ್ಬರಿಗೂ ಒಂದೊಂದು ಹೆಚ್ಚು ಕಾರ್ಡ್ ಕೊಡುತ್ತದೆ. ಎದುರಾಳಿ ಕಾರ್ಡ್ ಎಳೆಯುವ ಮುಂಚೆ ನಿಮ್ಮ ಐಸಿ ಮ್ಯಾನಿಪ್ಯುಲೇಟರ್‌ನಿಂದ ಅದನ್ನು ಅಡ್ಡ ತಿರುಗಿಸಿ. ಅಡ್ಡ ಇದ್ದಾಗ ಅದು ಕೆಲಸ ಮಾಡುವುದಿಲ್ಲ. ಸ್ಟೇಸಿಸ್ ಇಲ್ಲದಿದ್ದರೆ ನಿಮ್ಮ ಸರದಿಗೆ ಅದು ನೆಟ್ಟಗಾಗುತ್ತದೆ, ಹೆಚ್ಚಿನ ಕಾರ್ಡ್ ನಿಮಗೊಬ್ಬರಿಗೇ ಸಿಗುತ್ತದೆ.